ಎಣ್ಗಾಯಿ ಯಾರ ಆಸ್ತಿ?

ಪುಸ್ತಕದಲ್ಲಿ ಅಚ್ಚಾದ ಬದನೆಕಾಯಿ ಎಣ್ಗಾಯಿ ರೆಸಿಪಿ ನೋಡಿ ನೀವು ಮನೆಯಲ್ಲಿ ಮಾಡಿದಿರಿ. ಚೆನ್ನಾಗಿ ಬಂತು. ಗೆಳತಿ ಕೇಳಿದಳು, ಬರೆದು ಕಳಿಸಿದಿರಿ. ಆಕೆ ಒಂದೆರಡು ಸಾಮಾನು ಬದಲಾಯಿಸಿ ತನ್ನ ಅತ್ತಿಗೆಗೆ ಕಳಿಸಿದಳು. ಈ ಸರಪಳಿಯಲ್ಲಿ ಯಾರಾದ್ರೂ ಕಳ್ಳತನ ಮಾಡಿದ್ರಾ? ಮಾಡಿದ್ರೆ ಕದ್ದದ್ದು ಏನು?

ಮೊದಲು ಕಾಯ್ದೆ ಏನು ಹೇಳುತ್ತೆ ನೋಡೋಣ. ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು. ಅದು ಕಾಪಾಡೋದು ಬರಹವನ್ನು, ಬರಹದ ಹಿಂದಿನ ಐಡಿಯಾವನ್ನಲ್ಲ. 1978ರಲ್ಲಿ ಆರ್.ಜಿ. ಆನಂದ್ ಅನ್ನೋ ನಾಟಕಕಾರರು 'ನ್ಯೂ ಡೆಲ್ಲಿ' ಸಿನಿಮಾ ತಮ್ಮ ನಾಟಕದ ನಕಲು ಅಂತ ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ವಿಚಾರಕ್ಕೆ, ವಸ್ತುವಿಗೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ. ಅಮೆರಿಕದಲ್ಲಿ 1996ರಲ್ಲಿ ಮೊಸರಿನ ಅಡುಗೆಗಳ ಪುಸ್ತಕವೊಂದರ ಮೇಲೆ ನಡೆದ ಕೇಸಿನಲ್ಲೂ ಕೋರ್ಟು ಸಾಮಾನಿನ ಪಟ್ಟಿಗೆ, ಮಾಡುವ ಕ್ರಮಕ್ಕೆ ರಕ್ಷಣೆ ಕೊಡಲಿಲ್ಲ.

ಅಂದ್ರೆ ಬದನೆಕಾಯಿಯನ್ನು ತೊಟ್ಟು ಬಿಡದಂತೆ ನಾಲ್ಕು ಸೀಳು ಮಾಡಿ, ಹುರಿದ ಶೇಂಗಾ, ಎಳ್ಳು, ಒಣಕೊಬ್ಬರಿ, ಖಾರ, ಹುಣಸೆ, ಬೆಲ್ಲದ ಮಸಾಲೆ ತುಂಬಿ ಎಣ್ಣೆಯಲ್ಲಿ ಬಾಡಿಸೋದು ಯಾರ ಆಸ್ತಿಯೂ ಅಲ್ಲ. ಆದರೆ ಅದನ್ನು ವರ್ಣಿಸಿ ಯಾರೋ ಬರೆದ ಪ್ಯಾರಾ, ತೆಗೆದ ಫೋಟೋ ಅವರದು. ಹದಿನಾರನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ 'ಸೂಪಶಾಸ್ತ್ರ' ಅಂತ ಅಡುಗೆಯನ್ನೇ ಷಟ್ಪದಿಯಲ್ಲಿ ಬರೆದ. ಅದರಲ್ಲಿ ಬದನೆಕಾಯಿ ಅಡುಗೆಗಳೂ ಇವೆ. ಆತ ಇವತ್ತಿನವನಾಗಿದ್ದರೆ ಷಟ್ಪದಿ ಆತನದು, ಬದನೆಕಾಯಿ ಎಲ್ಲರದು. ಇಷ್ಟಾದರೆ ನಿಮ್ಮ ಗೆಳತಿ, ಆಕೆಯ ಅತ್ತಿಗೆ, ನೀವು ಎಲ್ಲರೂ ಪಾರು.

ಆದರೆ ಕಾಯ್ದೆಯಲ್ಲಿ ಪಾರಾದ ತಕ್ಷಣ ಲೆಕ್ಕ ಚುಕ್ತಾ ಆಯ್ತಾ? ನನಗೆ ಹಾಗನಿಸೋದಿಲ್ಲ.

ನಮ್ಮ ಕಡೆಯದೇ ಉದಾಹರಣೆ ತಗೊಳ್ಳಿ. ನಮ್ಮ ಕಡೆ ಅಂದ್ರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಹರಪನಹಳ್ಳಿಯನ್ನು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಸೇರಿಸಿದರು, 2018ರಲ್ಲಿ ವಾಪಸ್ ಬಳ್ಳಾರಿಗೆ ತಂದರು, 2021ರಲ್ಲಿ ಐದೂ ತಾಲ್ಲೂಕು ವಿಜಯನಗರ ಜಿಲ್ಲೆಗೆ ಹೋದವು. ಜಿಲ್ಲೆ ಬದಲಾದಂತೆಲ್ಲ ಕಚೇರಿಯ ಬೋರ್ಡು ಬದಲಾಯಿತು, ಎಣ್ಗಾಯಿ ಬದಲಾಗಲಿಲ್ಲ. ಅದು ಬದಲಾಗೋದು ಮನೆಯಿಂದ ಮನೆಗೆ. ಒಬ್ಬರು ಗುರೆಳ್ಳು ಹಾಕ್ತಾರೆ, ಪಕ್ಕದ ಮನೆಯವರು ಹಾಕೋದಿಲ್ಲ. ಇದನ್ನೆಲ್ಲ ಉಳಿಸಿಕೊಂಡು ಬಂದವರು ಹೆಂಗಸರು. ಅವರಲ್ಲಿ ಬಹಳ ಜನ ಒಂದು ಸಾಲನ್ನೂ ಬರೆದಿಟ್ಟವರಲ್ಲ.

ಅವ್ವನಿಗೆ ಫೋನ್ ಮಾಡಿ ಎಣ್ಗಾಯಿಗೆ ಖಾರ ಎಷ್ಟು ಹಾಕ್ಬೇಕು ಅಂತ ಕೇಳಿದರೆ ಸಿಗೋ ಉತ್ತರ ಹೀಗಿರುತ್ತೆ: "ಅದಕ್ಕೇನ್ ಅಳತಿ ಐತಪ್ಪ? ಕಾಯಿ ಎಳೇವಿದ್ರ ಬ್ಯಾರೆ, ಬಲ್ತಿದ್ರ ಬ್ಯಾರೆ. ಕೈಗೆ ಗೊತ್ತಾಗ್ತತಿ." ಇದನ್ನು ಕೇಳಿಸಿಕೊಂಡು ನಾನು 'ಖಾರದ ಪುಡಿ ಎರಡು ಚಮಚ, ಕಾಯಿ ಎಳೆಯದಾಗಿದ್ದರೆ ಒಂದೂವರೆ' ಅಂತ ನನ್ನ ಮಾತಿನಲ್ಲಿ ಟೈಪ್ ಮಾಡಿ ಅಚ್ಚು ಹಾಕಿಸಿದರೆ ಆ ಬರಹದ ಕರ್ತೃ ನಾನು. ಕಾಪಿರೈಟ್ ನನಗೆ, ನಾನು ಬದುಕಿರೋತನಕ, ಸತ್ತ ಮೇಲೂ 60 ವರ್ಷ. ಐವತ್ತು ವರ್ಷ ಒಲೆ ಮುಂದೆ ಕೂತವಳಿಗೆ ಕಾಯ್ದೆಯ ಪ್ರಕಾರ ಏನೂ ಇಲ್ಲ. ಅವಳ ಕೈಯಲ್ಲಿದ್ದದ್ದು ಐಡಿಯಾ, ನನ್ನ ಕೀಬೋರ್ಡಿನಲ್ಲಿ ಬಂದದ್ದು ಬರಹ.

ಕಾಯ್ದೆ ತಪ್ಪು ಅಂತ ನಾನು ಹೇಳ್ತಿಲ್ಲ. ಅಡುಗೆಗೆ ಒಡೆತನ ಕೊಡೋಕೆ ಹೊರಟರೆ ಅದು ನಮ್ಮವ್ವನಿಗೆ ಸಿಗೋದಿಲ್ಲ. ವಕೀಲರನ್ನು ಇಟ್ಟುಕೊಂಡಿರೋ ಕಂಪನಿಗೆ ಸಿಗುತ್ತೆ. ಆಮೇಲೆ ಖಾನಾವಳಿಯವರು ಎಣ್ಗಾಯಿಗೆ ಪರವಾನಗಿ ತಗೋಬೇಕಾದೀತು. ಹಾಗಾಗಿ ಅಡುಗೆ ಮುಕ್ತವಾಗಿರಬೇಕು ಅನ್ನೋದು ಸರಿ. ನನ್ನ ತಕರಾರು ಇಷ್ಟೇ: ಕಾಯ್ದೆ ಕೇಳೋದಿಲ್ಲ ಅನ್ನೋ ಕಾರಣಕ್ಕೆ ಆ ಋಣ ಇಲ್ಲವೇ ಇಲ್ಲ ಅಂದುಕೊಳ್ಳೋದು ಸರಿಯಲ್ಲ.

ನನ್ನ ಕಸುಬಿನವರಿಗೆ ಇದು ಬೇಗ ಅರ್ಥ ಆಗಬೇಕು. 1980ರ ದಶಕದಲ್ಲಿ ಮುಕ್ತ ತಂತ್ರಾಂಶದ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್‌ಮನ್ ತಮ್ಮ ವಾದಕ್ಕೆ ಕೊಡುತ್ತಿದ್ದ ಹೋಲಿಕೆಯೇ ಅಡುಗೆಯದು: ಮನೆಗಳವರು ರೆಸಿಪಿ ಹಂಚಿಕೊಂಡಂತೆ, ತಿದ್ದಿಕೊಂಡಂತೆ ಪ್ರೋಗ್ರಾಂ ಕೂಡ ಇರಬೇಕು ಅಂತ. ನಾವು ದಿನಾ ಬಳಸೋ ಎಂಐಟಿ ಲೈಸೆನ್ಸ್ ನೋಡಿ. ಕೋಡನ್ನು ತಗೋ, ಬದಲಾಯಿಸು, ಬೇಕಾದ್ರೆ ಮಾರು, ಆದರೆ ಮೂಲದವರ ಹೆಸರಿರೋ ಆ ನಾಲ್ಕು ಸಾಲು ಅಳಿಸಬೇಡ. ಆಫೀಸಿನಲ್ಲಿ ಯಾರೋ ಅಪರಿಚಿತನ ಕೋಡಿಗೆ ಇಷ್ಟು ಮರ್ಯಾದೆ ಕೊಡೋ ನಾವು, ಪಕ್ಕದ ಮನೆ ಅಕ್ಕ ಹೇಳಿಕೊಟ್ಟ ಎಣ್ಗಾಯಿಯನ್ನು 'ನನ್ನ ಸ್ಪೆಷಲ್' ಅಂತ ಹಾಕಿಕೊಳ್ತೀವಿ.

ಹೆಸರಿಗೆ ಅಷ್ಟು ಬೆಲೆ ಇದೆಯಾ ಅಂತ ಕೇಳಬಹುದು. 2024ರಲ್ಲಿ ದೆಹಲಿ ಹೈಕೋರ್ಟಿಗೆ ಹೋದ ಬಟರ್ ಚಿಕನ್ ಜಗಳ ನೆನಪಿಸಿಕೊಳ್ಳಿ. ಮೋತಿ ಮಹಲ್‌ನವರು ದರಿಯಾಗಂಜ್ ಹೋಟೆಲಿನವರ ಮೇಲೆ ದಾವೆ ಹಾಕಿದರು. ಜಗಳ ಇದ್ದದ್ದು ಬಟರ್ ಚಿಕನ್ ಕಂಡುಹಿಡಿದವರು ನಾವು ಅಂತ ಯಾರು ಹೇಳಿಕೊಳ್ಳಬಹುದು ಅನ್ನೋದರ ಮೇಲೆ. ಮಾಡೋಕೆ ಯಾರ ಅಡ್ಡಿಯೂ ಇಲ್ಲದ ಅಡುಗೆಗೆ, ಹೆಸರಿಗಾಗಿ ಕೇಳಿದ ಪರಿಹಾರ ಎರಡು ಕೋಟಿ ರೂಪಾಯಿ. ಹೆಸರಿನ ಬೆಲೆ ಹೋಟೆಲಿನವರಿಗೆ ಗೊತ್ತು. ನಮ್ಮೂರ ಹೆಂಗಸರ ಪರವಾಗಿ ಅದನ್ನು ಕೇಳೋರು ಇಲ್ಲ ಅಷ್ಟೇ.

ಯಾರ ಹೆಸರು ಹಾಕೋದು? ಅವ್ವ ಕಲಿತದ್ದು ಅವಳ ಅತ್ತೆಯಿಂದ, ಅತ್ತೆ ಇನ್ಯಾರಿಂದಲೋ. ಬೇರು ಹುಡುಕುತ್ತಾ ಹೋದರೆ ಮಂಗರಸನ ಮನೆ ಅಡುಗೆಯವರತನಕ ಹೋಗಬೇಕು. ಅಷ್ಟು ಬೇಡ. ನಿಮ್ಮ ಕೈಗೆ ಯಾರ ಕೈಯಿಂದ ಬಂತೋ ಆ ಒಂದು ಹೆಸರು ಹೇಳಿದರೆ ಸಾಕು. ಅವರು ಅವರ ಹಿಂದಿನವರ ಹೆಸರು ಹೇಳಿದರೆ ಸರಪಳಿ ತಾನೇ ಕೂಡಿಕೊಳ್ಳುತ್ತೆ. ಅಚ್ಚಿನಲ್ಲಿ ಹಾಕೋದಾದರೆ ಕೇಳಿ ಹಾಕಿ. ಬೇಡ ಅನ್ನೋ ಹಕ್ಕೂ ಅವರದೇ.

ಹೆಸರು ಅರ್ಧ ಋಣ. ಇನ್ನರ್ಧ ಪರೀಕ್ಷೆ. ರೆಸಿಪಿ ಪುಸ್ತಕ ಬರೆದವರು ಪ್ರಾಮಾಣಿಕರಾಗಿದ್ದರೆ ಒಂದು ಅಡುಗೆಯನ್ನು ನಾಲ್ಕೈದು ಸಲ ಮಾಡಿ, ಕೆಟ್ಟದ್ದನ್ನು ಚೆಲ್ಲಿ, ಅಳತೆ ಕೂಡಿಸಿರುತ್ತಾರೆ. ಈ ಬೆವರಿಗೂ ಕಾಯ್ದೆಯಲ್ಲಿ ಜಾಗ ಇಲ್ಲ. ಬರೀ ಶ್ರಮ, ಬಂಡವಾಳ ಸಾಲದು, ಒಂದಿಷ್ಟು ಸೃಜನಶೀಲತೆಯೂ ಇರಬೇಕು ಅಂತ 2007ರಲ್ಲಿ ಈಸ್ಟರ್ನ್ ಬುಕ್ ಕಂಪನಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಆ ಪುಸ್ತಕದಿಂದ ಒಂದು ಎಣ್ಗಾಯಿಯನ್ನು ನಿಮ್ಮ ಮಾತಲ್ಲಿ ಗೆಳತಿಗೆ ಹೇಳೋದು ಬೇರೆ, ಇಡೀ ಪುಸ್ತಕದ ಪಿಡಿಎಫ್ ಹಂಚೋದು ಬೇರೆ. ಎರಡನೆಯದು ಕಾಯ್ದೆಗೂ ವಿರುದ್ಧ, ಆ ಬೆವರಿಗೂ ಅವಮಾನ.

ಪರೀಕ್ಷೆ ನಮ್ಮ ಪಾಲಿಗೂ ಬರುತ್ತೆ. 'ಖಾರದ ಪುಡಿ ಎರಡು ಚಮಚ' ಅನ್ನೋ ಸಾಲು ಬ್ಯಾಡಗಿ ಮೆಣಸಿನಕಾಯಿಗೆ ಬರೆದದ್ದಾಗಿದ್ದರೆ ಬಣ್ಣ ಜಾಸ್ತಿ, ಖಾರ ಕಮ್ಮಿ. ಅದೇ ಎರಡು ಚಮಚ ಗುಂಟೂರಿನ ಪುಡಿ ಹಾಕಿದರೆ ಮಕ್ಕಳು ಉಣ್ಣೋದಿಲ್ಲ. ಸೌದೆ ಒಲೆಯ ಮಂದ ಉರಿಗೆ ಕೂಡಿಸಿದ ಹೊತ್ತು ಬೆಂಗಳೂರಿನ ಬಾಡಿಗೆ ಮನೆಯ ಇಂಡಕ್ಷನ್ ಒಲೆಗೆ ಹೊಂದೋದಿಲ್ಲ. ಇದನ್ನು ಕಂಡವರು ಹೇಳದೆ, ಮಾಡಿಯೂ ನೋಡದೆ ಮುಂದಕ್ಕೆ ಕಳಿಸಿದರೆ ಕೆಡೋದು ಮತ್ತೊಬ್ಬರ ಮನೆಯ ಎಣ್ಣೆ, ಶೇಂಗಾ, ಅರ್ಧ ದಿನದ ರಜೆ. ಎಂಐಟಿ ಲೈಸೆನ್ಸಿನಲ್ಲಿ 'ಇದ್ದ ಹಾಗೆ ಕೊಟ್ಟಿದ್ದೇವೆ, ಯಾವ ಗ್ಯಾರಂಟಿಯೂ ಇಲ್ಲ' ಅಂತ ಬರೆದಿರ್ತಾರೆ. ಕೋಡಿಗೆ ಅದು ನಡೆಯುತ್ತೆ, ಊಟಕ್ಕೆ ನಡೆಯೋದಿಲ್ಲ. ಅಚ್ಚಾದ ರೆಸಿಪಿ ಮಾಡಿ ನೋಡಿ, ಇಲ್ಲಿ ಸರಿ, ಇಲ್ಲಿ ತಪ್ಪು ಅಂತ ಹೇಳೋಕೆ ಹೆದರಬೇಕಿಲ್ಲ. ಖಾಸಗಿ ಬಳಕೆಗೆ, ವಿಮರ್ಶೆಗೆ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನೇ ಅವಕಾಶ ಕೊಟ್ಟಿದೆ.

ಹಳ್ಳಿಯಲ್ಲಿ ಪಕ್ಕದ ಮನೆಯಿಂದ ಪಲ್ಯ ಬಂದ ಬಟ್ಟಲನ್ನು ಖಾಲಿ ವಾಪಸ್ ಕೊಡೋದಿಲ್ಲ. ಏನೂ ಇಲ್ಲದಿದ್ರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡ್ತಾರೆ. ಅದಕ್ಕೆ ಯಾವ ಸೆಕ್ಷನ್ನೂ ಇಲ್ಲ, ಕೊಡದಿದ್ರೆ ಕೋರ್ಟಿಗೆ ಹೋಗೋರೂ ಇಲ್ಲ. ರೆಸಿಪಿಗೂ ಇದೇ ರಿವಾಜು ಸಾಕು ಅನಿಸುತ್ತೆ. ಕಲಿಸಿದವರಿಗೆ ಒಂದು ಮೆಸೇಜು: ನಿಮ್ಮ ಎಣ್ಗಾಯಿ ಮಾಡಿದೆ, ಗುಂಟೂರು ಪುಡಿಗೆ ಒಂದು ಚಮಚ ಸಾಕಾಯ್ತು, ಇಂಡಕ್ಷನ್ ಮೇಲೆ ತಳ ಹಿಡೀತು, ಉರಿ ಕಮ್ಮಿ ಮಾಡಬೇಕು. ಮುಂದಕ್ಕೆ ಕಳಿಸುವಾಗ ಮೇಲೊಂದು ಸಾಲು: ಇದು ಇಂಥವರು ಕಲಿಸಿದ್ದು, ನಾನು ಬದಲಾಯಿಸಿದ್ದು ಇಷ್ಟು.