ದೊಡ್ಡದು ಮತ್ತು ಹಿರಿದು

ಗೌರಿಬಿದನೂರಿನಂತಹ ಗಡಿಸೀಮೆಯಲ್ಲಿ ಭಾಷೆಯದೊಂದು ತಮಾಷೆಯುಂಟು. ತೆಲುಗು ಮನೆಮಾತಿನವರು ಒಬ್ಬರನ್ನು ಗೌರವದಿಂದ ‘ಪೆದ್ದವಾರು’ ಎಂದರೆ, ಕನ್ನಡವನ್ನಷ್ಟೇ ಬಲ್ಲವನ ಕಿವಿಗೆ ಅದು ಬೈಗುಳದಂತೆ ಕೇಳುತ್ತದೆ. ಅವರ ‘ಪೆದ್ದ’ ನಮಗೆ ದೊಡ್ಡವನು. ನಮ್ಮ ‘ಪೆದ್ದ’ ಬರಿಯ ದಡ್ಡ. ಒಂದೇ ಪೇಟೆಯಲ್ಲಿ ಒಂದೇ ಸದ್ದಿಗೆ ನಮಸ್ಕಾರವೂ ನಗೆಯೂ ಸಲ್ಲುತ್ತವೆ. ದೊಡ್ಡತನದ ವಿಚಾರವೂ ಇಷ್ಟೇ ಜಾರಿಕೆಯದೇನೋ ಎಂದು ನನಗೆ ಅನಿಸುವುದುಂಟು.

ಇಂಗ್ಲಿಷಿನ ‘ಜಂಬೋ’ ಎಂಬ ಮಾತನ್ನೇ ನೋಡಿ. ಅದರ ಮೂಲದ ವಿಷಯದಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅದು ಅಡ್ಡಾದಿಡ್ಡಿ ಬೆಳೆದ ಮನುಷ್ಯನಿಗೆ ಹೇಳುವ ಗ್ರಾಮ್ಯಪದವಾಗಿತ್ತು. ಅದಕ್ಕೆ ಲೋಕಪ್ರಸಿದ್ಧಿಯನ್ನು ತಂದುಕೊಟ್ಟದ್ದು ಒಂದು ಆನೆ. ಆಫ್ರಿಕದಲ್ಲಿ ಮರಿಯಾಗಿದ್ದಾಗಲೇ ಸೆರೆಸಿಕ್ಕ ಆ ಪ್ರಾಣಿ ಲಂಡನ್ನಿನ ಮೃಗಶಾಲೆಯಲ್ಲಿ ಮಕ್ಕಳನ್ನು ಬೆನ್ನಮೇಲೆ ಹೊತ್ತು ತಿರುಗಿತು. 1882ರಲ್ಲಿ ಬಾರ್ನಮ್ ಎಂಬ ಅಮೆರಿಕದ ಸರ್ಕಸ್ ಯಜಮಾನನಿಗೆ ಮಾರಾಟವಾಯಿತು. 1885ರಲ್ಲಿ ಕೆನಡಾದಲ್ಲಿ ರೈಲಿಗೆ ಸಿಕ್ಕಿ ಸತ್ತಿತು. ಸತ್ತ ಮೇಲೂ ಬಿಡುಗಡೆಯಿಲ್ಲ. ತೊಗಲನ್ನೊಂದು ಕಡೆ, ಎಲುಬುಗಳನ್ನೊಂದು ಕಡೆ ನಿಲ್ಲಿಸಿ ಪ್ರದರ್ಶಿಸಿದರು. ಇಂದು ವಿಮಾನವೂ ಜಂಬೋ, ಮಂತ್ರಿಮಂಡಲವೂ ಜಂಬೋ. ಆನೆ ಹೋಯಿತು, ಅಳತೆ ಉಳಿಯಿತು. ನಮ್ಮ ‘ಜಂಬ’ಕ್ಕೂ ಆ ಶಬ್ದಕ್ಕೂ ನೆಂಟಸ್ತಿಕೆಯಿಲ್ಲ, ಆದರೂ ಇಬ್ಬರೂ ಅಕ್ಕಪಕ್ಕದ ಮನೆಯಲ್ಲಿ ಸುಖವಾಗಿ ಬಾಳಬಲ್ಲರು!

ಒಂದು ಜೀವವನ್ನು ಬರಿಯ ಗಾತ್ರವೆಂದು ಕಾಣುವುದು ಅನ್ಯಾಯ. ಆದರೆ ನಾವೂ ಮನುಷ್ಯರನ್ನು ಹಾಗೆ ಕಾಣುವುದಿಲ್ಲವೆ? ಅವರು ‘ದೊಡ್ಡವರು’ ಎನ್ನುತ್ತೇವೆ; ಏನು ದೊಡ್ಡದು ಎಂದು ಕೇಳಿದರೆ ಮನೆ, ಹುದ್ದೆ, ಮಗಳ ಮದುವೆಯ ಚಪ್ಪರ. ಆ ಚಪ್ಪರದ ಅಳತೆಗೆ ತಮ್ಮ ಅಂಗಳವನ್ನು ಹಿಗ್ಗಿಸಹೋಗಿ ಸಾಲದಲ್ಲಿ ಮುಳುಗಿದ ಮಧ್ಯಮ ವರ್ಗದ ಸಂಸಾರಗಳು ಎಷ್ಟಿಲ್ಲ!

ನಮ್ಮ ನುಡಿ ಈ ಅಪಾಯವನ್ನು ಅರಿತಂತಿದೆ. ಹೆಬ್ಬಾಗಿಲು, ಹೆಮ್ಮರ, ಹೆದ್ದಾರಿಗಳಲ್ಲಿರುವುದು ಗಾತ್ರ. ಹಿರಿಯ, ಹಿರಿಮೆಗಳಲ್ಲಿರುವುದು ಅದೇ ಮೂಲ; ಆದರೆ ಅಲ್ಲಿ ವಯಸ್ಸೂ ಗುಣವೂ ಕೂಡಿಕೊಂಡಿವೆ. ಹಳಗನ್ನಡದಲ್ಲಿ ಹಿರಿಮೆಯೆಂಬ ಅರ್ಥವಿದ್ದ ‘ಪೆರ್ಮೆ’ಯೇ ಇಂದು ‘ಹೆಮ್ಮೆ’ಯಾಗಿದೆ. ಹಿರಿಮೆ ಇನ್ನೊಬ್ಬರು ಕಂಡು ಹೇಳುವಂಥದು. ಹೆಮ್ಮೆ ನಾವೇ ಪಟ್ಟುಕೊಳ್ಳುವಂಥದು. ಒಂದು ಶಬ್ದದ ಪಯಣದಲ್ಲಿ ಎಷ್ಟು ದೊಡ್ಡ ಎಚ್ಚರಿಕೆ!

ಹಾಗಾದರೆ ಗಾತ್ರವೇ ಬೇಡವೆ? ಹಾಗೆನ್ನಲಾರೆ. ಗೌರಿಬಿದನೂರಿನ ಬಳಿ 1970ರ ದಶಕದಲ್ಲಿ ರಾಮನ್ ಸಂಶೋಧನಾ ಸಂಸ್ಥೆಯವರೂ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರೂ ಸೇರಿ ಒಂದು ರೇಡಿಯೋ ದೂರದರ್ಶಕವನ್ನು ಕಟ್ಟಿದರು. ಅದರ ಒಂದು ತೋಳೇ ಸುಮಾರು 1.4 ಕಿಲೋಮೀಟರು. ಆದರೆ ಅದು ಒಂದೇ ಭಾರಿ ಯಂತ್ರವಲ್ಲ, ಸಾಲುಸಾಲಾಗಿ ನಿಂತ ಸಾವಿರ ಸಣ್ಣ ಆಂಟೆನಾಗಳು. ಒಂದೊಂದೂ ತಾನು ಕೇಳಿದಷ್ಟನ್ನು ಒಪ್ಪಿಸಿದಾಗಲೇ ಆಕಾಶದ ಅತಿ ಕ್ಷೀಣ ದನಿ ತಿಳಿಯಬೇಕು. ಸಣ್ಣದನ್ನು ತುಳಿದು ಬೆಳೆದ ದೊಡ್ಡದು ಒಂದು. ಸಣ್ಣವು ಕೂಡಿ ಆದ ದೊಡ್ಡದು ಇನ್ನೊಂದು. ಎರಡನೆಯದಕ್ಕೆ ಕೈಮುಗಿಯಲು ನನಗೆ ಸಂಕೋಚವಿಲ್ಲ.

ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದುವ ಆಸೆಯಿಂದ ಬೆಂಗಳೂರಿಗೆ ನಡೆದೇ ಹೋದ ಬಡ ಹುಡುಗ. ಅಮೆರಿಕದಲ್ಲಿ ಡಾಕ್ಟರೇಟ್ ಪಡೆದರು, ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಬಾಳಿದ್ದು ಮಾತ್ರ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ. ಆ ಕೋಣೆಯನ್ನು ಅಳೆದು ಅವರನ್ನು ಅರಿಯುವುದು ಸಾಧ್ಯವೆ?

ನಕ್ಷೆಯಲ್ಲಿ ದೊಡ್ಡಬಳ್ಳಾಪುರವೂ ಇದೆ, ಚಿಕ್ಕಬಳ್ಳಾಪುರವೂ ಇದೆ. 2007ರಲ್ಲಿ ಹೊಸ ಜಿಲ್ಲೆಯಾದಾಗ ಪಟ್ಟ ದೊರೆತದ್ದು ಚಿಕ್ಕದಕ್ಕೆ! ಹೆಸರಿನ ದೊಡ್ಡತನ ಯಾರನ್ನೂ ಕಾಯುವುದಿಲ್ಲ. ಇನ್ನು ಮುಂದೆ ಯಾವುದನ್ನಾದರೂ ‘ದೊಡ್ಡದು’ ಎನ್ನುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುವುದು ಲೇಸು: ಇದರ ನೆರಳಿನಲ್ಲಿ ಎಷ್ಟು ಜನ ನಿಲ್ಲಬಲ್ಲರು? ಯಾರೂ ನಿಲ್ಲಲಾಗದಿದ್ದರೆ ಅದು ದೊಡ್ಡದಿರಬಹುದು, ಹಿರಿದಲ್ಲ.