ದೋಷವು ಯಾರದು?

ಶರೀರದಲ್ಲಿ ಬೆಳೆಯುವ ಗಡ್ಡೆಗಳನ್ನು ವೈದ್ಯಶಾಸ್ತ್ರವು ಎರಡು ವರ್ಗವಾಗಿ ಎಣಿಸುತ್ತದೆ. ಹುಟ್ಟಿದ ಸ್ಥಳವನ್ನು ಬಿಟ್ಟು ನೆರೆಯ ಅಂಗಗಳನ್ನು ಆಕ್ರಮಿಸಿ, ರಕ್ತದೊಡನೆ ದೂರದವರೆಗೂ ಸಂಚರಿಸಿ ಬೇರೂರುವವು ದುಷ್ಟವು; ಇದ್ದಲ್ಲಿಯೇ ಇದ್ದು, ಮೆಲ್ಲಗೆ ಬೆಳೆದು, ಯಾರ ಗೊಡವೆಗೂ ಹೋಗದವು ಸೌಮ್ಯವು. ಈ ವಿಂಗಡಣೆಯು ಉಪಯುಕ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸೌಮ್ಯವೆಂದು ಪಂಡಿತರೆಲ್ಲರೂ ಒಪ್ಪಿರುವ ಒಂದು ಗಡ್ಡೆಯುಂಟು. ಅದರ ಗಾತ್ರವು ೨ ಮಿಲಿಮೀಟರಿನಿಂದ ೨೦ ಮಿಲಿಮೀಟರಿನವರೆಗೆ, ಎಂದರೆ ಎಳ್ಳುಕಾಳಿನಿಂದ ದ್ರಾಕ್ಷಿಯ ಹಣ್ಣಿನವರೆಗೆ. ಅದು ಎಲ್ಲಿಗೂ ಹಬ್ಬುವದಿಲ್ಲ, ನೋಯಿಸುವದಿಲ್ಲ. ಆದರೂ ಅದು ಮನುಷ್ಯನನ್ನು ನಿಂತ ನಿಲುವಿನಲ್ಲಿ ಕೆಡಹಿ ಕೊಲ್ಲಬಲ್ಲದು. ಹಠಾತ್ ಮರಣವನ್ನು ತರುವ ಗಡ್ಡೆಗಳಲ್ಲಿ ಅತಿ ಸಣ್ಣದೆಂದು ಅದಕ್ಕೆ ಖ್ಯಾತಿಯುಂಟಾಗಿದೆ.

ಇದು ಹೇಗೆ ಸಂಭವಿಸುವದೆಂಬುದನ್ನು ಅರಿಯಬೇಕಾದರೆ ಹೃದಯದ ರಚನೆಯನ್ನು ತುಸು ನೋಡಬೇಕು. ಹೃದಯಕ್ಕೆ ಮೇಲೆ ಎರಡು, ಕೆಳಗೆ ಎರಡು ಕೋಣೆಗಳು. ಮಿಡಿತದ ವಿದ್ಯುತ್ಪ್ರೇರಣೆಯು ಬಲಗಡೆಯ ಮೇಲ್ಕೋಣೆಯಲ್ಲಿ ಹುಟ್ಟುತ್ತದೆ. ಮೇಲ್ಕೋಣೆಗಳಿಗೂ ಕೆಳಕೋಣೆಗಳಿಗೂ ನಡುವೆ ವಿದ್ಯುತ್ತನ್ನು ದಾಟಗೊಡದ ನಾರಿನ ಪದರಿರುವದರಿಂದ ಪ್ರೇರಣೆಯು ಕೆಳಗಿಳಿಯಲಿಕ್ಕೆ ಸಹಜವಾದ ದಾರಿಯು ಒಂದೇ. ಆ ದಾರಿಯ ಬಾಗಿಲಲ್ಲಿ ಒಂದು ಪುಟ್ಟ ಗಂಟು ಇದೆ. ಅದು ಬಂದ ಪ್ರೇರಣೆಯನ್ನು ಒಂದು ಸೆಕೆಂದಿನ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಹೊತ್ತು ತಡೆದು, ಮೇಲಿನ ಕೋಣೆಗಳು ರಕ್ತವನ್ನು ಕೆಳಗೆ ಸುರಿದಾದ ಮೇಲೆ ಮುಂದಕ್ಕೆ ಬಿಡುತ್ತದೆ. ಜಪಾನದಿಂದ ಜರ್ಮನಿಯ ಮಾರ್ಬುರ್ಗಿಗೆ ಹೋಗಿ ಅಶೋಫ್ ಎಂಬ ಆಚಾರ್ಯರ ಕೈಕೆಳಗೆ ಅಭ್ಯಾಸ ಮಾಡಿದ ಸುನಾವೊ ತವಾರಾ ಎಂಬವರು ೧೯೦೬ರಲ್ಲಿ ಈ ಗಂಟನ್ನು ಜಗತ್ತಿಗೆ ತೋರಿಸಿಕೊಟ್ಟರು. ಐದೇ ವರ್ಷಗಳಲ್ಲಿ, ೧೯೧೧ರಲ್ಲಿ, ಆರ್ಮ್‌ಸ್ಟ್ರಾಂಗ್ ಮತ್ತು ಮೋಂಕೆಬೆರ್ಗ್ ಎಂಬವರು ಐದು ವರ್ಷದ ಒಂದು ಕೂಸಿನ ಹೃದಯದಲ್ಲಿ ಅದೇ ಸ್ಥಳದಲ್ಲಿ ಕುಳಿತಿದ್ದ ಗಡ್ಡೆಯನ್ನು ವರ್ಣಿಸಿದರು. ಆ ಕೂಸಿನ ಮೇಲ್ಕೋಣೆಗಳ ಕರೆಯು ಕೆಳಕೋಣೆಗಳಿಗೆ ಮುಟ್ಟುತ್ತಿರಲಿಲ್ಲ.

ದ್ರವ ತುಂಬಿದ ಅನೇಕ ಸೂಕ್ಷ್ಮ ಚೀಲಗಳ ಗುಂಪೇ ಆ ಗಡ್ಡೆ. ಬಹುಕಾಲ ಅದನ್ನು ಹೃದಯದ ಹೊರಪೊರೆಯ ಸಂತತಿಯೆಂದು ತಿಳಿದು ಹಾಗೆಯೇ ಹೆಸರಿಟ್ಟಿದ್ದರು. ಮುಂದೆ ಸೂಕ್ಷ್ಮ ಪರೀಕ್ಷೆಗಳಿಂದ ತಿಳಿದುಬಂದದ್ದೇನಂದರೆ, ಭ್ರೂಣದಲ್ಲಿ ಅನ್ನನಾಳ ಶ್ವಾಸನಾಳಗಳ ಒಳವಸ್ತ್ರವಾಗಬೇಕಾದ ಪದರಿಗೆ ಸೇರಿದ ಕೋಶಗಳವು. ಗರ್ಭದಲ್ಲಿ ಅಂಗಗಳು ಮಡಚಿ ಹೊರಳಿ ತಮ್ಮ ತಮ್ಮ ಸ್ಥಾನಕ್ಕೆ ಸೇರುವ ಕಾಲದಲ್ಲಿ ನಾಲ್ಕಾರು ಕೋಶಗಳು ದಾರಿ ತಪ್ಪಿ ಹೃದಯದ ಗೋಡೆಯಲ್ಲಿ ಉಳಿದುಬಿಟ್ಟವು, ಅಷ್ಟೇ. ಅವು ಅನ್ನನಾಳದಲ್ಲಿದ್ದರೆ ಜೀವಮಾನವೆಲ್ಲ ನಿಷ್ಠೆಯಿಂದ ದುಡಿಯುತ್ತಿದ್ದವು. ಇಲ್ಲಿಯೂ ಅವು ತಮ್ಮ ಸ್ವಭಾವವನ್ನು ಬಿಟ್ಟಿಲ್ಲ, ನಾಳದ ಹಾಗೆ ಪೊಳ್ಳಾಗಿ ಸುತ್ತಿಕೊಂಡು ದ್ರವವನ್ನು ಸ್ರವಿಸುತ್ತಿರುತ್ತವೆ. ದುಷ್ಟತನವು ಅವುಗಳಲ್ಲಿ ಎಲ್ಲಿಯೂ ಇಲ್ಲ.

ಈ ಗಡ್ಡೆಯುಳ್ಳವರಲ್ಲಿ ಕೆಲವರಿಗೆ ನಾಡಿ ಮಂದವಾಗುತ್ತದೆ, ಆಗಾಗ ಕಣ್ಣುಕತ್ತಲೆ ಬಂದು ಬೀಳುತ್ತಾರೆ. ಕೆಲವರಿಗೆ ಯಾವ ಸೂಚನೆಯೂ ಇರುವದಿಲ್ಲ. ಮೊದಲನೆಯ ಲಕ್ಷಣವೇ ಮರಣ. ನವಜಾತ ಶಿಶುವಿನಿಂದ ಎಂಬತ್ತು ದಾಟಿದ ಮುದುಕರವರೆಗೆ ಎಲ್ಲ ವಯಸ್ಸಿನವರಲ್ಲಿಯೂ ಅದು ಕಂಡುಬಂದಿದೆ. ಅತಿ ವಿರಳವೆಂಬುದೇನೋ ನಿಜ. ಆದರೆ ಇಲ್ಲಿ ಎರಡು ಸಂಗತಿಗಳನ್ನು ವಾಚಕರು ಗಮನದಲ್ಲಿಡಬೇಕು. ವರ್ಣಿತವಾದವರಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು. ಎರಡನೆಯದಾಗಿ, ಸಾಮಾನ್ಯವಾದ ಶವಪರೀಕ್ಷೆಯಲ್ಲಿ ಹೃದಯದ ಕವಾಟಗಳನ್ನೂ ರಕ್ತನಾಳಗಳನ್ನೂ ನೋಡುತ್ತಾರೆಯೇ ಹೊರತು ಈ ಗಂಟಿನ ಸ್ಥಳವನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಇಡುವದು ಅಪರೂಪ. ಅಂದ ಬಳಿಕ ಕಾರಣವು ಹೃದಯದಲ್ಲಿಯೇ ಕುಳಿತಿದ್ದರೂ ಕಾಗದದಲ್ಲಿ ‘ಕಾರಣವು ತಿಳಿಯಲಿಲ್ಲ’ ಎಂದು ಬರೆಯಲ್ಪಡುವ ಸಂಭವವುಂಟು.

ತಿಳಿಯಲಿಲ್ಲವೆಂಬ ಮಾತನ್ನು ವೈದ್ಯನು ಸಹಿಸಬಲ್ಲನು, ಊರು ಸಹಿಸಲಾರದು. ಕೆಲವು ವರ್ಷಗಳ ಹಿಂದೆ ರಾಯಬಾಗ ತಾಲೂಕಿನ ಅಲಖನೂರಿನಲ್ಲಿ ನಮ್ಮ ಸಂಬಂಧಿಕರ ಮನೆಯ ಸೊಸೆಯೊಬ್ಬಳು, ಮೂವತ್ತರ ಒಳಗಿನವಳು, ಬೆಳಿಗ್ಗೆ ಚಹಾ ಕುಡಿದು ದನಗಳಿಗೆ ಕಣಿಕೆ ಹಾಕಲು ಹೋದವಳು ಗೋದಲೆಯ ಹತ್ತಿರ ಬಿದ್ದು ತೀರಿಕೊಂಡಳು. ನಾನು ಮೂರನೆಯ ದಿವಸ ಮಾತನಾಡಿಸಲು ಹೋದೆನು. ಪಡಸಾಲೆಯಲ್ಲಿ ಹತ್ತೆಂಟು ಜನ ಕುಳಿತಿದ್ದರು. ಅತ್ತೆಯಾದವಳು ಕಂಬಕ್ಕೆ ಆನಿಕೊಂಡು ಕುಳಿತಿದ್ದಳು; ನನಗೆ ಅಕ್ಕನ ವರಸೆಯಾಗಬೇಕು. ಸಮಾಧಾನದ ನಾಲ್ಕು ಮಾತು ಆಡಿದ ಮೇಲೆ ನಾನು, ಯಾವ ದುರುದ್ದೇಶವೂ ಇಲ್ಲದೆ, ಮಾತಿಗೆ ಮಾತೆಂಬಂತೆ ಕೇಳಿದೆನು: “ಅಕ್ಕಾ, ಬೆಳಿಗ್ಗೆ ಚಹಾ ಯಾರು ಮಾಡಿದ್ದರು?”

“ನಾನಽ ಮಾಡಿದ್ದೆ, ತಮ್ಮಾ” ಎಂದಳು.

ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಆ ಪ್ರಶ್ನೆಯನ್ನು ನಾನು ಕೇಳದಿದ್ದರೆ ಇನ್ನೊಬ್ಬರು ಕೇಳುತ್ತಿದ್ದರೆಂದು ನನ್ನನ್ನು ನಾನು ಸಮಾಧಾನಪಡಿಸಿಕೊಂಡದ್ದುಂಟು. ಆದರೆ ಕೇಳಿದವನು ನಾನು. ಶವಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ವಿಷಪರೀಕ್ಷೆಗೆ ಹೋದ ಒಳಾಂಗಗಳ ವರದಿಯು ತಿಂಗಳುಗಳ ಮೇಲೆ ಬಂದಿತು. ವಿಷವಿರಲಿಲ್ಲ, ಕಾರಣವೂ ಇರಲಿಲ್ಲ. ಅಷ್ಟರಲ್ಲಿ ಊರು ತನ್ನ ತೀರ್ಪನ್ನು ಕೊಟ್ಟುಬಿಟ್ಟಿತ್ತು. ಆ ಮನೆಗೆ ಹೋದವರು ಬಹುದಿನ ಚಹಾ ಮುಟ್ಟದೆ, ‘ಈಗಽ ಆತು’ ಎಂದು ಎದ್ದು ಬರುತ್ತಿದ್ದರು. ಆ ಹುಡುಗಿಯ ಹೃದಯದಲ್ಲಿ ಇಂಥ ಗಡ್ಡೆಯಿತ್ತೆಂದು ನಾನು ಹೇಳುತ್ತಿಲ್ಲ. ಹೇಳಲು ನನಗೆ ಯಾವ ಆಧಾರವೂ ಇಲ್ಲ. ಇಂಥದೊಂದು ಇರಬಹುದೆಂಬ ಕಲ್ಪನೆಯೂ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲವೆಂಬುದಷ್ಟೇ ನನ್ನ ಮಾತು.

ಮಹಾಭಾರತದ ಅನುಶಾಸನ ಪರ್ವದ ಆರಂಭದಲ್ಲಿ ಭೀಷ್ಮನು ಯುಧಿಷ್ಠಿರನಿಗೆ ಹೇಳುವ ಗೌತಮಿಯ ಕಥೆಯನ್ನು ಅನೇಕರು ಓದಿರಬಹುದು. ಗೌತಮಿಯೆಂಬ ವೃದ್ಧೆಯ ಮಗನು ಹಾವು ಕಚ್ಚಿ ಸಾಯುತ್ತಾನೆ. ಅರ್ಜುನಕನೆಂಬ ಬೇಡನು ಆ ಹಾವನ್ನು ಕಟ್ಟಿ ತಂದು, ಇದನ್ನು ಸುಡಲೋ ಕಡಿಯಲೋ ಎಂದು ಕೇಳುತ್ತಾನೆ. ಆಕೆಯು ಬಿಟ್ಟುಬಿಡು ಎನ್ನುತ್ತಾಳೆ. ಬೇಡನು ಒಪ್ಪುವದಿಲ್ಲ. ಹಾವು ತಾನು ಪರಾಧೀನ, ಮೃತ್ಯುವು ಕಳಿಸಿದನೆನ್ನುತ್ತದೆ. ಮೃತ್ಯುವು ಬಂದು ತಾನು ಕಾಲನ ಅಧೀನನೆನ್ನುತ್ತಾನೆ. ಕೊನೆಗೆ ಕಾಲನೇ ಬಂದು, ನಾವಾರೂ ಕಾರಣರಲ್ಲ, ಬಾಲಕನ ಕರ್ಮವೇ ಕಾರಣವೆಂದು ತೀರ್ಮಾನಿಸುತ್ತಾನೆ.

ಈ ಕಥೆಯನ್ನು ಕರ್ಮಸಿದ್ಧಾಂತದ ಸಮರ್ಥನೆಯೆಂದು ಹೇಳುವ ರೂಢಿಯಿದೆ. ನನಗೆ ಕಾಲನ ಉತ್ತರಕ್ಕಿಂತ ಗೌತಮಿಯ ನಡತೆಯೇ ಹೆಚ್ಚಿನದೆಂದು ತೋರುತ್ತದೆ. ಯಾಕಂದರೆ ಅವಳು ಹಾವನ್ನು ಬಿಡು ಎಂದದ್ದು ಕಾಲನು ಬರುವದಕ್ಕಿಂತ ಬಹಳ ಮುಂಚೆ. ಕಾರಣವಾವುದೆಂದು ಆಗ ಇನ್ನೂ ನಿರ್ಣಯವಾಗಿರಲಿಲ್ಲ. ಹಾವನ್ನು ಕೊಂದರೆ ಮಗನು ಏಳುವದಿಲ್ಲವೆಂಬ ಅರಿವಿನಿಂದಲೇ ಅವಳು ಹಾಗೆಂದಳು. ಇನ್ನೂ ಒಂದು: ಕಾಲನು ಕೂಸಿನ ಕರ್ಮವೆಂದ ಬಳಿಕ ಅವಳು ಅದನ್ನು ಕೂಸಿನ ತಲೆಗೇ ಕಟ್ಟಿ ಸುಮ್ಮನಾಗಲಿಲ್ಲ, ಮಗನನ್ನು ಕಳೆದುಕೊಳ್ಳುವಂಥ ಕರ್ಮವನ್ನು ತಾನೂ ಮಾಡಿರುವೆನೆಂದು ತನ್ನ ಪಾಲನ್ನು ತಾನು ಹೊತ್ತುಕೊಂಡಳು. ಕರ್ಮವೆಂಬ ಮಾತನ್ನು ತನ್ನ ದುಃಖಕ್ಕೆ ತಾನು ಹೇಳಿಕೊಳ್ಳುವದು ಒಂದು. ಇನ್ನೊಬ್ಬರ ಪಡಸಾಲೆಯಲ್ಲಿ ಕುಳಿತು ಸತ್ತವಳ ಮೇಲೋ ಬದುಕಿದ್ದವಳ ಮೇಲೋ ಹೊರಿಸುವದು ಇನ್ನೊಂದು. ಮೊದಲನೆಯದು ಸಾಂತ್ವನವಾದೀತು. ಎರಡನೆಯದು ನಾನು ಚಹದ ವಿಷಯವಾಗಿ ಕೇಳಿದ ಪ್ರಶ್ನೆಯ ಜಾತಿಯದೇ.

ಇದಕ್ಕೆ ಒಂದು ಬಲವಾದ ಆಕ್ಷೇಪಣೆಯುಂಟು. ಅದನ್ನು ಮುಚ್ಚಿಡುವದು ಸರಿಯಲ್ಲ. ನಮ್ಮ ಮನೆಗಳಲ್ಲಿ ಸೊಸೆಯಂದಿರನ್ನು ನಿಜವಾಗಿ ಕೊಂದವರಿದ್ದಾರೆ. ಎಲ್ಲ ಸಾವುಗಳಿಗೂ ‘ಯಾರೂ ಕಾರಣರಲ್ಲ’ ಎಂದುಬಿಟ್ಟರೆ ಅಂಥವರಿಗೆ ಅನುಕೂಲವಾಗುತ್ತದೆ. ಮದುವೆಯಾದ ಏಳು ವರ್ಷಗಳೊಳಗೆ ಹೆಂಗಸು ಸಂಶಯಾಸ್ಪದವಾಗಿ ಸತ್ತರೆ ಶವಪರೀಕ್ಷೆಗೆ ಕಳಿಸಬೇಕೆಂಬ ನಿಯಮವು ಹಳೆಯ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಸೇರಿದ್ದೂ, ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೯೪ನೆಯ ಕಲಮಿನಲ್ಲಿ ಮುಂದುವರಿದದ್ದೂ ಸುಮ್ಮನೆ ಅಲ್ಲ. ಗೌತಮಿಯು ಹಾವನ್ನು ಬಿಟ್ಟಳೆಂದು ನಾವು ಕೊಲೆಗಾರನನ್ನು ಬಿಡಲಾಗದು. ಆದರೆ ಶೋಧನೆಯೂ ಸಂಶಯವೂ ಒಂದೇ ಅಲ್ಲವೆಂಬುದನ್ನು ನಾವು ಮರೆಯುತ್ತೇವೆ. ಶೋಧಿಸುವವನು ಉತ್ತರ ಸಿಕ್ಕದಿದ್ದರೆ ಸಿಕ್ಕಲಿಲ್ಲವೆಂದು ಬರೆದಿಡುತ್ತಾನೆ. ಸಂಶಯಿಸುವವನಿಗೆ ಉತ್ತರವು ಮೊದಲೇ ಸಿಕ್ಕಿರುತ್ತದೆ.

ಆದಕಾರಣ ಶವವನ್ನು ಕೊಯ್ಯಿಸುವದು ಸತ್ತವರಿಗೆ ಅವಮಾನವೆಂಬ ನಮ್ಮ ಹಳೆಯ ಭಾವನೆಯನ್ನು ನಾನು ಈಗ ಒಪ್ಪಲಾರೆನು. ೨೦೨೫ರ ಮೇ ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಒಂದರ ಮೇಲೊಂದು ಹಠಾತ್ ಹೃದಯಮರಣಗಳು ವರದಿಯಾಗಿ ನಾಡೆಲ್ಲ ಗಾಬರಿಗೊಂಡಾಗ ಜನರ ಬಾಯಲ್ಲಿ ಎಷ್ಟು ಕಾರಣಗಳು ಹುಟ್ಟಿದವೆಂಬುದು ಎಲ್ಲರಿಗೂ ನೆನಪಿದೆ. ಬೆಂಗಳೂರಿನ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿಯು ಆ ಪ್ರಸಂಗಗಳನ್ನು ಒಂದೊಂದಾಗಿ ನೋಡಿತು. ಅದೇ ಜುಲೈಯಲ್ಲಿ ರಾಜ್ಯ ಸರಕಾರವು, ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಮರಣಗಳನ್ನು ಸರಕಾರಕ್ಕೆ ತಿಳಿಸಬೇಕು, ಶವಪರೀಕ್ಷೆಯಾಗಬೇಕು ಎಂಬ ನಿಲುವನ್ನು ಪ್ರಕಟಿಸಿತು. ಶವಪರೀಕ್ಷೆಯ ಕೋಣೆಯಲ್ಲಿ ಹೃದಯದ ಆ ಒಂದು ಚೂರನ್ನೂ ನೋಡುವ ವ್ಯವಸ್ಥೆಯಾದರೆ, ಯಾವದೋ ಊರಿನಲ್ಲಿ ಯಾವದೋ ಅತ್ತೆಯು, ಯಾವನೋ ಗಂಡನು, ವರ್ಷಗಟ್ಟಲೆಯ ಪಿಸುಮಾತಿನಿಂದ ಪಾರಾಗಬಹುದು.

ಬದುಕಿರುವಾಗಿನ ಕರ್ತವ್ಯವೂ ಉಂಟು. ನಮ್ಮ ಕಡೆ ಹೆಣ್ಣುಮಕ್ಕಳು ಕಣ್ಣುಕತ್ತಲೆ ಬಂದು ಬಿದ್ದರೆ ಗಾಳಿ ಸೋಂಕಿತೆಂದು ಚಿಂಚಲಿಯ ಮಾಯಕ್ಕನಿಗೆ ಹರಕೆ ಹೊರುತ್ತಾರೆ, ಇಲ್ಲವೆ ಉಪವಾಸ ಮಾಡಿದ್ದಾಳೆಂದು ಸಕ್ಕರೆ ನೀರು ಕೊಡುತ್ತಾರೆ. ಹರಕೆಗೆ ನನ್ನ ಅಡ್ಡಿಯಿಲ್ಲ. ಅದರ ಜೊತೆಗೆ ನಾಡಿಯನ್ನು ಎಣಿಸಿ ನೋಡಿ ಒಂದು ಇ.ಸಿ.ಜಿ. ಮಾಡಿಸಬೇಕು. ದಾರಿಯ ಬಾಗಿಲು ಮುಚ್ಚುತ್ತಿದ್ದರೆ ಆ ಕಾಗದದ ಗೆರೆಗಳಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ೧೯೫೮ರ ಅಕ್ಟೋಬರ ೮ರಂದು ಸ್ವೀಡನ್ನಿನಲ್ಲಿ ಸೆನ್ನಿಂಗ್ ಎಂಬ ಶಸ್ತ್ರವೈದ್ಯರು, ಎಲ್ಮ್‌ಕ್ವಿಸ್ಟ್ ಎಂಬ ಇಂಜಿನಿಯರರು ರಚಿಸಿದ ಪೇಸ್‌ಮೇಕರ್ ಯಂತ್ರವನ್ನು ಆರ್ನೆ ಲಾರ್ಸನ್ ಎಂಬವರ ಮೈಯೊಳಗೆ ಮೊಟ್ಟಮೊದಲು ಇಟ್ಟರು. ಅವರಿಗಿದ್ದದ್ದು ಈ ಗಡ್ಡೆಯಲ್ಲ, ಆದರೆ ಬಾಗಿಲು ಮುಚ್ಚಿದ ಹೃದಯವೇ. ದಿನಕ್ಕೆ ಹಲವು ಸಲ ಮೂರ್ಛೆ ಹೋಗುತ್ತಿದ್ದ ಅವರು, ಕೆಟ್ಟ ಯಂತ್ರಗಳನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಬದಲಾಯಿಸಿಕೊಂಡು, ಆ ವೈದ್ಯರೂ ಇಂಜಿನಿಯರರೂ ತೀರಿಕೊಂಡ ಮೇಲೂ ಬದುಕಿದ್ದು ೨೦೦೧ರಲ್ಲಿ ೮೬ನೆಯ ವಯಸ್ಸಿನಲ್ಲಿ ಬೇರೊಂದು ರೋಗದಿಂದ ತೀರಿಕೊಂಡರು. ಗಡ್ಡೆಯಿದ್ದವರಿಗೆ ಯಂತ್ರವೊಂದೇ ಪೂರ್ಣ ರಕ್ಷಣೆಯಲ್ಲ, ಯಂತ್ರವಿದ್ದೂ ಸತ್ತವರಿದ್ದಾರೆ. ಇತ್ತೀಚಿನ ದಶಕಗಳಲ್ಲಿ ಕೆಲವರಲ್ಲಿ ಅದನ್ನು ಬದುಕಿರುವಾಗಲೇ ಗುರುತಿಸಿ ಶಸ್ತ್ರಕ್ರಿಯೆಯಿಂದ ತೆಗೆದದ್ದುಂಟು.

ಹೋದ ದೀಪಾವಳಿಯ ಪಾಡ್ಯದಂದು ಅಲಖನೂರಿಗೆ ಹೋಗಿದ್ದೆನು. ಅಕ್ಕನಿಗೆ ಈಗ ಕಣ್ಣು ಮಂದವಾಗಿದೆ. ನಾನು ಈ ಗಡ್ಡೆಯ ವಿಷಯವನ್ನು ನನಗೆ ಬಂದ ಮಟ್ಟಿಗೆ ತಿಳಿಸಿ ಹೇಳಿದೆನು. ಅಂದು ಕೇಳಿದ ಪ್ರಶ್ನೆಯನ್ನು ಕೇಳಬಾರದಿತ್ತೆಂದೂ ಹೇಳಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಎಳ್ಳುಕಾಳಿನಷ್ಟಽ?” ಎಂದು ಕೇಳಿದಳು. ಹೌದೆಂದೆ. ಎದ್ದು ಒಳಗೆ ಹೋಗಿ ಚಹಕ್ಕೆ ಇಟ್ಟಳು.