ಕ್ಷಮಿಸುವ ಅಧಿಕಾರ ಯಾರದು?

ಆಳುವವನು ತನ್ನ ಶತ್ರುವನ್ನು ಕ್ಷಮಿಸಿದರೆ ಅದು ಧರ್ಮವೇ, ಇಲ್ಲಾ ಆಳ್ವಿಕೆಯ ಇನ್ನೊಂದು ವರಸೆಯೇ? ನಾನು ವಕೀಲ. ಜೀವಾವಧಿ ಶಿಕ್ಷೆಯಾದವರ ಪರವಾಗಿ ರಾಜ್ಯಪಾಲರಿಗೆ ಕ್ಷಮಾದಾನದ ಅರ್ಜಿ ಬರೆದುಕೊಡುವುದು ನನ್ನ ಕೆಲಸದಲ್ಲಿ ಸೇರಿದೆ. ಕೈದಿಯ ಸನ್ನಡತೆ, ವಯಸ್ಸು, ಕಾಯಿಲೆ, ಮನೆಯವರ ಪಾಡು ಎಲ್ಲವೂ ಅರ್ಜಿಯಲ್ಲಿ ಇರುತ್ತದೆ. ಕ್ಷಮಿಸುವ ಕಡೆಯವರ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ಆ ಕಡೆಯ ಕಥೆ ತಿಳಿಯಬೇಕೆನ್ನಿಸಿದಾಗಲೆಲ್ಲ ನಾನು ತೆರೆಯುವುದು ರೋಮಿನ ದೊರೆಗಳನ್ನು ಕುರಿತ ನಾಟಕಗಳನ್ನು.

ರೋಮಿನಲ್ಲಿ ಈ ಪ್ರಶ್ನೆಯನ್ನು ಪ್ರಾಣ ಕೊಟ್ಟು ಕೇಳಿದವನು ರಾಜಕಾರಣಿ ಕೇಟೋ. ಕ್ರಿ.ಪೂ. 46ರಲ್ಲಿ ಜೂಲಿಯಸ್ ಸೀಸರ್ ಗೆದ್ದು ಬರುತ್ತಿದ್ದಾಗ ಅವನು ಉತ್ತರ ಆಫ್ರಿಕದ ಯೂಟಿಕಾದಲ್ಲಿದ್ದ. ಬೇಡಿಕೊಂಡಿದ್ದರೆ ಜೀವ ಉಳಿಯುತ್ತಿತ್ತು. ಸೋತವರನ್ನು ಕ್ಷಮಿಸುವುದಕ್ಕೆ ಸೀಸರ್ ಹೆಸರಾಗಿದ್ದ. ಆದರೆ ತನ್ನ ಸಮಾನರ ಜೀವ ಉಳಿಸುವ ಒಡೆತನ ಸೀಸರನಿಗೆ ಕೊಟ್ಟವರು ಯಾರು ಎಂಬುದು ಕೇಟೋನ ತಕರಾರು. ಆ ಕ್ಷಮೆಯನ್ನು ಸ್ವೀಕರಿಸಿದರೆ ಆ ಒಡೆತನವನ್ನೂ ಒಪ್ಪಿದಂತೆ. ಅವನು ಕತ್ತಿಯಿಂದ ಇರಿದುಕೊಂಡು ಸತ್ತ ಕಥೆಯನ್ನು ಪ್ಲೂಟಾರ್ಕ್ ವಿವರವಾಗಿ ಬರೆದಿದ್ದಾನೆ.

ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಇದೇ ತಕರಾರು ಒಳಗೊಳಗೇ ಹರಿಯುತ್ತದೆ. ಕ್ರಿ.ಪೂ. 48ರ ಫಾರ್ಸಲಸ್ ಯುದ್ಧದ ನಂತರ ಬ್ರೂಟಸ್, ಕ್ಯಾಸಿಯಸ್ ಇಬ್ಬರೂ ಸೀಸರನ ಕ್ಷಮೆಯಿಂದ ಬದುಕಿದವರು. ನಾಟಕದಲ್ಲಿ ಅವನನ್ನು ಸುತ್ತುವರಿಯಲು ಪಿತೂರಿಗಾರರು ಹೂಡುವ ನೆಪವೂ ಕ್ಷಮೆಯ ಬೇಡಿಕೆಯೇ. ಗಡಿಪಾರಾದ ತನ್ನ ಸೋದರನನ್ನು ವಾಪಸು ಕರೆಸಿ ಎಂದು ಮೆಟೆಲಸ್ ಸಿಂಬರ್ ಅಡ್ಡಬೀಳುತ್ತಾನೆ. ತಾನು ಧ್ರುವ ನಕ್ಷತ್ರದಂತೆ ಅಚಲ ಎಂದು ಸೀಸರ್ ನಿರಾಕರಿಸುತ್ತಾನೆ. ಅದರ ಬೆನ್ನಿಗೇ ಇರಿತ. ಒಬ್ಬನಿಗೆ ಮನಸ್ಸು ಬಂದರೆ ಬದುಕು, ಬಾರದಿದ್ದರೆ ಇಲ್ಲ ಎನ್ನುವ ಸ್ಥಿತಿಯನ್ನು ಮನುಷ್ಯ ಬಹಳ ಕಾಲ ಸಹಿಸಲಾರ.

ಮುಂದೆ ಈ ಕ್ಷಮೆಯನ್ನೇ ರಾಜಧರ್ಮವೆಂದು ಬರೆದವನು ತತ್ತ್ವಜ್ಞಾನಿ ಸೆನೆಕ. ತನ್ನ ಶಿಷ್ಯ ನೀರೋ ಚಕ್ರವರ್ತಿಗೆ ಹದಿನೆಂಟು ತುಂಬಿದಾಗ ಅವನು ಕರುಣೆಯ ಬಗ್ಗೆ ಒಂದು ಗ್ರಂಥ ಅರ್ಪಿಸಿದ. ಅದರಲ್ಲಿ ಅಗಸ್ಟಸ್ ಚಕ್ರವರ್ತಿಯ ಕಥೆಯೊಂದಿದೆ. ಸಿನ್ನಾ ಎಂಬವನು ತನ್ನನ್ನು ಕೊಲ್ಲಲು ಹೊಂಚು ಹಾಕಿದ್ದು ತಿಳಿದು ಅಗಸ್ಟಸ್ ನಿದ್ದೆಗೆಡುತ್ತಾನೆ. ಶಿಕ್ಷಿಸಿ ಶಿಕ್ಷಿಸಿ ಫಲವಾಗಿಲ್ಲ, ಈ ಸಲ ಕ್ಷಮಿಸಿ ನೋಡು ಎಂದು ಹೆಂಡತಿ ಲಿವಿಯಾ ಹೇಳುತ್ತಾಳೆ. ಅಗಸ್ಟಸ್ ಸಿನ್ನಾನನ್ನು ಕರೆಸಿ, ಎದುರಿಗೆ ಕುರ್ಚಿ ಹಾಕಿಸಿ, ಎರಡು ಗಂಟೆಗೂ ಮೀರಿ ಮಾತಾಡಿ, ಜೀವದಾನ ಮಾಡಿ, ಮುಂದೆ ಕಾನ್ಸಲ್ ಪದವಿಯನ್ನೂ ಕೊಡುತ್ತಾನೆ. ಆಮೇಲೆ ಯಾರೂ ಅವನ ವಿರುದ್ಧ ಸಂಚು ಹೂಡಲಿಲ್ಲ ಎಂದು ಸೆನೆಕ ಕಥೆ ಮುಗಿಸುತ್ತಾನೆ. ಕ್ಷಮಿಸಿದರೆ ದೊರೆಗೇ ಕ್ಷೇಮ ಎಂಬುದು ಒಟ್ಟು ಪಾಠ.

ಸೆನೆಕ ಈ ಗ್ರಂಥ ಬರೆದ ಕಾಲವನ್ನು ಮರೆಯುವಂತಿಲ್ಲ. ನೀರೋವಿನ ಮಲಸಹೋದರ, ಇನ್ನೂ ಬಾಲಕನಾದ ಬ್ರಿಟಾನಿಕಸ್ ಕ್ರಿ.ಶ. 55ರಲ್ಲಿ ಊಟದ ಪಂಕ್ತಿಯಲ್ಲಿ ವಿಷದಿಂದ ಸತ್ತಿದ್ದ. ಬಹುತೇಕ ವಿದ್ವಾಂಸರು ಹೇಳುವಂತೆ ಗ್ರಂಥ ಬಂದದ್ದು ಅದಾದ ಮೇಲೆ. ಆದರೂ ನೀನು ರಕ್ತ ಹರಿಸಿದವನಲ್ಲ ಎಂದು ಗುರು ಶಿಷ್ಯನನ್ನು ಹೊಗಳಿದ್ದಾನೆ. 1669ರಲ್ಲಿ ಫ್ರೆಂಚ್ ನಾಟಕಕಾರ ರಾಸೀನ್ ತನ್ನ ‘ಬ್ರಿಟಾನಿಕಸ್’ ನಾಟಕವನ್ನು ಕಟ್ಟಿದ್ದು ಆ ಸಾವಿನ ಸುತ್ತಲೇ. ಸಜ್ಜನ ಸಲಹೆಗಾರ ಬುರ್ರಸ್ ಕಾಲು ಹಿಡಿದು ಬೇಡಿದಾಗ ನೀರೋ ಒಂದು ಗಳಿಗೆ ನಿಜವಾಗಿಯೂ ಕರಗುತ್ತಾನೆ. ನೀನು ಗುರುಗಳ ಕೈಗೊಂಬೆ ಎಂದು ಜನ ಆಡಿಕೊಳ್ಳುತ್ತಿದ್ದಾರೆ ಎಂದು ನಾರ್ಸಿಸ್ ಎಂಬ ಇನ್ನೊಬ್ಬ ಸಲಹೆಗಾರ ಚುಚ್ಚಿದ್ದೇ ತಡ, ಆ ಕರುಣೆ ಇಂಗಿಹೋಗುತ್ತದೆ. ರಾಜಿಯ ಔತಣದ ಬಟ್ಟಲಲ್ಲೇ ವಿಷ ಬರುತ್ತದೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು 1643ರಲ್ಲಿ ಅಚ್ಚಾದ, ಇನ್ನೊಬ್ಬ ಫ್ರೆಂಚ್ ನಾಟಕಕಾರ ಕಾರ್ನೀಯ ‘ಸಿನ್ನಾ’ ನಾಟಕ. ಸೆನೆಕನ ಕಥೆಗೆ ಕಾರ್ನೀ ಒಬ್ಬ ಹೆಣ್ಣನ್ನು ತಂದು ಸೇರಿಸಿದ. ಅವಳು ಎಮಿಲಿ. ಅವಳ ತಂದೆ ಟೊರಾನಿಯಸ್ ಬಾಲಕ ಅಗಸ್ಟಸನನ್ನು ಪೋಷಿಸಿದವನು. ಅಧಿಕಾರಕ್ಕೇರುವ ದಾರಿಯಲ್ಲಿ ಅಗಸ್ಟಸ್ ಅವನನ್ನೇ ಕೊಲ್ಲಿಸಿ, ಮಗಳನ್ನು ತಂದು ಸಾಕಿದ್ದಾನೆ. ಸಿನ್ನಾನನ್ನು ಕೊಲೆಗೆ ಹಚ್ಚಿದವಳು ಅವಳು. ಕೊನೆಯ ಅಂಕದಲ್ಲಿ ಅಗಸ್ಟಸ್ ಎಲ್ಲರನ್ನೂ ಕ್ಷಮಿಸುತ್ತಾನೆ, ಎಮಿಲಿಯನ್ನೂ. ಇಲ್ಲಿ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ತಂದೆಯನ್ನು ಕೊಂದವನು ಮಗಳನ್ನು ಕ್ಷಮಿಸುವುದೆಂದರೇನು? ಕ್ಷಮೆ ಬೇಡಬೇಕಾದವನು ಅವನಲ್ಲವೇ?

ನಮ್ಮ ವನಪರ್ವದಲ್ಲಿ ಕ್ಷಮೆಯ ಬಗ್ಗೆ ವಾದಿಸುವವರು ರಾಜ್ಯ ಕಳೆದುಕೊಂಡು ಕಾಡಿನಲ್ಲಿ ಕೂತ ಯುಧಿಷ್ಠಿರ ಮತ್ತು ದ್ರೌಪದಿ. ಇಬ್ಬರೂ ಅನ್ಯಾಯ ಉಂಡವರು. ಆದ್ದರಿಂದ ಕ್ಷಮಿಸಲೂ ನಿರಾಕರಿಸಲೂ ಅವರಿಗೆ ಹಕ್ಕಿತ್ತು. ಅಗಸ್ಟಸನಿಗೆ ಆ ಹಕ್ಕು ಎಲ್ಲಿಂದ ಬಂತು?

ಕಾರ್ನೀಯ ನಾಟಕ ಇದಕ್ಕೆ ಎರಡು ಉತ್ತರ ಕೊಡುತ್ತದೆ. ಒಂದು ಲಿವಿಯಾಳದು: ಕಿರೀಟಕ್ಕಾಗಿ ಮಾಡಿದ ಪಾಪಗಳನ್ನು, ಕಿರೀಟ ಕೊಟ್ಟ ದೈವವೇ ತೊಳೆದುಬಿಡುತ್ತದೆ. ಇದಕ್ಕಿಂತ ಅಪಾಯದ ಧರ್ಮಶಾಸ್ತ್ರ ನನಗೆ ಗೊತ್ತಿಲ್ಲ. ಗೆದ್ದವನ ಗೆಲುವೇ ಪ್ರಾಯಶ್ಚಿತ್ತವಾಗುವುದಾದರೆ ದೇವರಿಗೆ ಉಳಿಯುವ ಕೆಲಸ ಗೆದ್ದವನ ಪರ ಸಾಕ್ಷಿ ಹೇಳುವುದೊಂದೇ.

ಇನ್ನೊಂದು ಉತ್ತರ ನಾಲ್ಕನೆಯ ಅಂಕದಲ್ಲಿದೆ. ಸಂಚು ಬಯಲಾದ ಮೇಲೆ ಅಗಸ್ಟಸ್ ಒಬ್ಬನೇ ಇದ್ದಾನೆ. ಸಿನ್ನಾನನ್ನು ದೂರಲು ಹೊರಟವನಿಗೆ ತಾನು ಹರಿಸಿದ ರಕ್ತ ಎದುರಾಗುತ್ತದೆ: ಫಿಲಿಪ್ಪಿ ಯುದ್ಧಭೂಮಿ, ಪೆರೂಸಿಯಾ ನಗರ, ಕ್ರಿ.ಪೂ. 43ರ ಮರಣಪಟ್ಟಿಗಳು. ವಾಗ್ಮಿ ಸಿಸೆರೋವಿನ ತಲೆಯನ್ನೂ ಕೈಯನ್ನೂ ಫೋರಮ್ಮಿನ ಭಾಷಣಕಟ್ಟೆಯ ಮೇಲೆ ತೂಗುಹಾಕಿದ ಕಾಲ ಅದು. ತನ್ನ ಮೇಲೆ ಬಂದ ಕತ್ತಿ ತಾನೇ ಕಲಿಸಿದ ಪಾಠ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಕ್ಷಮೆ ಹುಟ್ಟುವುದು ಇಲ್ಲಿ, ಲಿವಿಯಾಳ ಸಲಹೆಯಲ್ಲಿ ಅಲ್ಲ.

ನೆಪೋಲಿಯನ್ ಇದನ್ನು ಕಾಣಲಿಲ್ಲ. ಮೊನ್ವೆಲ್ ಎಂಬ ನಟ ಅಗಸ್ಟಸನ ಕ್ಷಮೆಯ ಮಾತನ್ನು ಕಪಟದ ದನಿಯಲ್ಲಿ ಆಡಿದಾಗಲೇ ನಾಟಕ ತನಗೆ ಅರ್ಥವಾಯಿತು, ಅದು ನಿರಂಕುಶ ದೊರೆಯ ತಂತ್ರ ಎಂದು ಅವನು ಹೇಳಿದ್ದನ್ನು ಮದಾಂ ದ ರೆಮ್ಯೂಸಾ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. 1804ರಲ್ಲಿ ಫ್ರೆಂಚ್ ರಾಜವಂಶದ ಆಂಗ್ಯಾನ್ ಡ್ಯೂಕನನ್ನು ಗುಂಡಿಕ್ಕಿ ಕೊಲ್ಲಿಸಿದವನೂ ಈ ನೆಪೋಲಿಯನ್ನನೇ.

ಅಗಸ್ಟಸ್ ಹರಿಸಿದ ಅದೇ ರಕ್ತದ ನೆನಪು ಬೇರೆ ದಾರಿಯನ್ನೂ ಹಿಡಿಯಬಲ್ಲದು. ಬಹುಕಾಲ ಸೆನೆಕನದೆಂದೇ ನಂಬಲಾಗಿದ್ದ, ನೀರೋ ಸತ್ತ ಮೇಲೆ ಬೇರೆ ಯಾರೋ ಬರೆದ ‘ಒಕ್ಟೇವಿಯಾ’ ಎಂಬ ಪ್ರಾಚೀನ ನಾಟಕದಲ್ಲಿ ಸೆನೆಕನೇ ಒಂದು ಪಾತ್ರ. ಅಗಸ್ಟಸನನ್ನು ನೋಡಿ ಕಲಿ ಎನ್ನುತ್ತಾನೆ ಗುರು. ನೋಡಿದ್ದೇನೆ, ಅಷ್ಟು ಜನರನ್ನು ಕೊಂದೇ ಅವನು ದೇವರಾದ ಎನ್ನುವುದು ನೀರೋವಿನ ವಾದ. ಇತಿಹಾಸ ಒಂದೇ. ಒಬ್ಬನಿಗೆ ಅದು ಆರೋಪಪಟ್ಟಿಯಾಯಿತು, ಇನ್ನೊಬ್ಬನಿಗೆ ಪರವಾನಗಿಯಾಯಿತು.

ಹಾಗೆಂದು ಕಾರ್ನೀಯ ಅಗಸ್ಟಸನಿಗೂ ನಾನು ಪೂರ್ತಿ ಅಂಕ ಕೊಡಲಾರೆ. ಅವನು ತನ್ನ ಪಾಪವನ್ನು ಒಪ್ಪಿಕೊಂಡದ್ದು ಏಕಾಂತದಲ್ಲಿ. ಎಮಿಲಿಯ ಮುಂದೆ ನಿಂತು, ನಿನ್ನ ತಂದೆಯನ್ನು ಕೊಂದವನು ನಾನು, ಅದು ತಪ್ಪು ಎಂದು ಹೇಳುವುದಿಲ್ಲ. ಆ ಒಂದು ಮಾತು ಇದ್ದಿದ್ದರೆ ಅವನ ಕ್ಷಮೆ ನ್ಯಾಯವೂ ಆಗುತ್ತಿತ್ತು. ಅಧಿಕಾರದಲ್ಲಿರುವವರ ಔದಾರ್ಯವನ್ನು ಕೊಂಡಾಡುವ ಮುನ್ನ ಅವರಿಂದ ನೊಂದವರನ್ನು ಕೇಳೋಣ: ನಿಮ್ಮ ಮುಂದೆ ಬಂದು ತಪ್ಪೊಪ್ಪಿಕೊಂಡರೇ? ಇಲ್ಲ ಎಂದು ಅವರು ಹೇಳಿದರೆ, ದೊರೆ ಕೊಟ್ಟದ್ದು ಕ್ಷಮೆಯಲ್ಲ, ಅಪ್ಪಣೆ.